ಕಾಂಗೋಗೆ ಹೊರಟಿದ್ದೀರಾ? ಮೊದಲು ಊರಿನ ಹೆಸರು ಕೇಳಿ

ಮೊನ್ನೆ ಸುರತ್ಕಲ್‌ನಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಕಾಂಗೋದಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ, ಹೋಗಬಹುದಾ?" ಯಾವ ಕಾಂಗೋ ಅಂತ ಕೇಳಿದೆ. ಸುಮ್ಮನಾದ. ಯಾವ ಊರು ಅಂತ ಕೇಳಿದೆ. ಅದೂ ಗೊತ್ತಿಲ್ಲ, ಆಫರ್ ಲೆಟರ್ ನೋಡಿ ಹೇಳ್ತೇನೆ ಅಂದ. ನಾನು ನಾಲ್ಕು ವರ್ಷ ಕಿನ್ಶಾಸಾದಲ್ಲಿ ಒಂದು ಅಂಗಡಿಯ ಗೋಡೌನ್ ಲೆಕ್ಕ ಬರೆದು ಈಗ ಉಡುಪಿಯಲ್ಲಿ ಆರಾಮವಾಗಿ ಕೂತವನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಹೊರಡುವ ಬೇರೆಯವರಿಗೂ ಬೇಕಾಗಬಹುದು.

ಕಾಂಗೋ ಎರಡು ಉಂಟು. ಒಂದೇ ನದಿಯ ಆಚೆ ದಡ ಈಚೆ ದಡ. ದೊಡ್ಡದು ಡೆಮಾಕ್ರಟಿಕ್ ರಿಪಬ್ಲಿಕ್ ಆಫ್ ಕಾಂಗೋ, ರಾಜಧಾನಿ ಕಿನ್ಶಾಸಾ. ಚಿಕ್ಕದು ರಿಪಬ್ಲಿಕ್ ಆಫ್ ಕಾಂಗೋ, ರಾಜಧಾನಿ ಬ್ರಾಜವಿಲ್. ಈ ದಡದಲ್ಲಿ ನಿಂತರೆ ಆ ರಾಜಧಾನಿಯ ಕಟ್ಟಡಗಳು ಕಣ್ಣಿಗೆ ಕಾಣುತ್ತವೆ, ಆದರೆ ನಡುವೆ ಸೇತುವೆ ಇಲ್ಲ, ವೀಸಾ ಬೇರೆ ಬೇರೆ. ನನಗೆ ಕೆಲಸ ಕೊಡಿಸಿದ ಏಜೆಂಟ್ "ಎರಡೂ ಕಾಂಗೋನೇ ಅಲ್ವಾ" ಅಂತ ಬ್ರಾಜವಿಲ್‌ಗೆ ಟಿಕೆಟ್ ಮಾಡಿಟ್ಟಿದ್ದ. ಬದಲಾಯಿಸಿದ ದುಡ್ಡು ಹೋದದ್ದು ನನ್ನ ಕೈಯಿಂದ. ಆದ್ದರಿಂದ ಟಿಕೆಟ್ ಕೈಗೆ ಬಂದ ಕೂಡಲೇ ವಿಮಾನ ನಿಲ್ದಾಣದ ಮೂರಕ್ಷರ ನೋಡಿ. ಎಫ್‌ಐಎಚ್ ಅಂದರೆ ಕಿನ್ಶಾಸಾ, ಬಿಝಡ್‌ವಿ ಅಂದರೆ ಬ್ರಾಜವಿಲ್. ಇನ್ನು ಮುಂದೆ ನಾನು ಹೇಳುವುದೆಲ್ಲ ದೊಡ್ಡ ಕಾಂಗೋದ ಕತೆ.

ಎಷ್ಟು ದೊಡ್ಡದು? ಸುಮಾರು 23.45 ಲಕ್ಷ ಚದರ ಕಿ.ಮೀ. ಹನ್ನೆರಡು ಕರ್ನಾಟಕ ಹಿಡಿಸುತ್ತದೆ. ಆಫ್ರಿಕಾದಲ್ಲಿ ಅಲ್ಜೀರಿಯಾ ಬಿಟ್ಟರೆ ಇದೇ ದೊಡ್ಡ ದೇಶ, ಜನ 10 ಕೋಟಿಗಿಂತ ಜಾಸ್ತಿ, ಪ್ರಾಂತ್ಯಗಳು 26. ಇಷ್ಟು ದೊಡ್ಡ ದೇಶಕ್ಕೆ ಸಮುದ್ರ ಸಿಕ್ಕಿದ್ದು ಮಾತ್ರ 40 ಕಿ.ಮೀ.ಯಷ್ಟು, ಮಂಗಳೂರಿನಿಂದ ಉಡುಪಿಗೂ ಬರುವುದಿಲ್ಲ ಮಾರಾಯ್ರೇ! ಹಾಗಾಗಿ ಹಡಗಿನ ಮಾಲು ಹೆಚ್ಚಾಗಿ ನದಿಯೊಳಗೆ ಇರುವ ಮಟಾಡಿ ಬಂದರಿಗೆ ಬಂದು, ಅಲ್ಲಿಂದ ರಸ್ತೆಯಲ್ಲೋ ರೈಲಲ್ಲೋ ಕಿನ್ಶಾಸಾ ಸೇರಬೇಕು. ನಮ್ಮ ಗೋಡೌನ್‌ನಲ್ಲಿ ಮಾಲು ತಡವಾದರೆ ಮೊದಲು ಬರುತ್ತಿದ್ದ ಉತ್ತರವೇ "ಮಟಾಡಿಯಲ್ಲಿದೆ".

ಊರಿನ ಹೆಸರು ಯಾಕೆ ಮುಖ್ಯ ಅಂದರೆ, ಅಲ್ಲಿ ಭಾಷೆ, ಗಡಿಯಾರ, ಹವೆ, ಭದ್ರತೆ ಎಲ್ಲವೂ ಊರಿಂದ ಊರಿಗೆ ಬೇರೆ. ದೇಶದೊಳಗೇ ಎರಡು ಟೈಮ್ ಉಂಟು. ಮಂಗಳೂರಲ್ಲಿ ರಾತ್ರಿ 9 ಗಂಟೆಯಾದಾಗ ಕಿನ್ಶಾಸಾದಲ್ಲಿ ಸಂಜೆ 4.30, ಲುಬುಂಬಾಶಿಯಲ್ಲಿ 5.30. ಆಫೀಸು ಭಾಷೆ ಎಲ್ಲ ಕಡೆ ಫ್ರೆಂಚ್, ಬರೀ ಇಂಗ್ಲಿಷ್ ನಂಬಿ ಹೋಗಬೇಡಿ, ಮೂರು ತಿಂಗಳಾದರೂ ಮೊದಲೇ ಕಲಿಯಿರಿ. ಬೀದಿಯಲ್ಲಿ ಕಿನ್ಶಾಸಾದವರು ಲಿಂಗಾಲ ಆಡುತ್ತಾರೆ, ಪೂರ್ವ ಮತ್ತು ದಕ್ಷಿಣದ ಗಣಿ ಊರುಗಳಲ್ಲಿ ಸ್ವಾಹಿಲಿ, ಕಸಾಯಿ ಕಡೆ ಚಿಲುಬಾ, ಮಟಾಡಿ ಕಡೆ ಕಿಕೊಂಗೊ. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕನ್ನೂ ಒಂದೇ ಬಸ್ಸಿನಲ್ಲಿ ಕೇಳಿ ಬೆಳೆದ ನಮಗೆ ಇದು ಕಷ್ಟ ಆಗಬಾರದು.

ಲಿಂಗಾಲದಲ್ಲಿ "ಎಂಬೋತೆ" ಅಂದರೆ ನಮಸ್ಕಾರ. "ಸಾಂಗೊ ನಿನಿ?" ಅಂದರೆ ಏನು ಸಮಾಚಾರ. ವಯಸ್ಸಾದ ಹೆಂಗಸರನ್ನು "ಮಮಾ", ಗಂಡಸರನ್ನು "ಪಪಾ" ಅಂತ ಕರೆಯಿರಿ. ನಾವು ಗುರುತಿಲ್ಲದವರನ್ನೂ ಅಣ್ಣ, ಅಕ್ಕ ಅನ್ನುವುದಿಲ್ಲವಾ, ಅದೇ ರೀತಿ. ಅಂಗಡಿಗೆ ಹೋಗಿ ನಮಸ್ಕಾರ ಹೇಳದೆ ಸೀದಾ ರೇಟು ಕೇಳಿದರೆ ಮುಖ ಬಿಗಿಯಾಗುತ್ತದೆ.

ಭದ್ರತೆ ವಿಷಯ ನೇರವಾಗಿ ಹೇಳುತ್ತೇನೆ. ಟಿವಿಯಲ್ಲಿ ಬರುವ ಯುದ್ಧ ಹೆಚ್ಚಾಗಿ ಪೂರ್ವದ ಕಿವು, ಇತೂರಿ ಪ್ರಾಂತ್ಯಗಳದ್ದು. 2025ರ ಜನವರಿಯಲ್ಲಿ ಎಂ23 ಬಂಡುಕೋರರು ಗೋಮಾ ನಗರ ಹಿಡಿದರು, ಮುಂದಿನ ತಿಂಗಳು ಬುಕಾವು. ಕಿನ್ಶಾಸಾದಿಂದ ಗೋಮಾ 1,500 ಕಿ.ಮೀ.ಗಿಂತ ದೂರ, ಹೆಚ್ಚುಕಡಿಮೆ ನಮಗೂ ದೆಹಲಿಗೂ ಇರುವಷ್ಟು. ಅಲ್ಲಿ ಗುಂಡು ಹಾರಿದರೆ ಇಲ್ಲಿ ಅಮ್ಮ ಊಟ ಬಿಡುತ್ತಾರೆ, ಅದಕ್ಕೇ ಹೊರಡುವ ಮೊದಲು ಮನೆಯವರಿಗೆ ಮ್ಯಾಪ್ ತೋರಿಸಿ. ಕೆಲಸ ಪೂರ್ವದಲ್ಲಿ ಅಂತಾದರೆ ನನ್ನ ಸಲಹೆ ಒಂದೇ, ಸಂಬಳ ಎಷ್ಟೇ ಇರಲಿ ಬೇಡ. ಕಿನ್ಶಾಸಾದಲ್ಲೂ ಕತ್ತಲಾದ ಮೇಲೆ ಒಬ್ಬರೇ ನಡೆಯಬೇಡಿ. ಸರ್ಕಾರಿ ಕಟ್ಟಡ, ಸೈನಿಕರು, ವಿಮಾನ ನಿಲ್ದಾಣ, ನದಿ ದಡ ಇವುಗಳ ಫೋಟೋ ತೆಗೆಯಲೇಬೇಡಿ.

ದುಡ್ಡಿನದು ಬೇರೆಯೇ ಕತೆ. ಕಾಂಗೊಲೀಸ್ ಫ್ರಾಂಕ್ ಉಂಟು, ಆದರೆ ಬಾಡಿಗೆ, ಸಂಬಳ, ದೊಡ್ಡ ಖರೀದಿ ಎಲ್ಲ ಡಾಲರಿನಲ್ಲೇ. ನಾನು ಮಂಗಳೂರಿನಲ್ಲಿ ಬದಲಾಯಿಸಿ ಒಯ್ದ 100 ಡಾಲರ್ ನೋಟಿನ ಒಂದು ಮೂಲೆ ಅಕ್ಕಿ ಕಾಳಿನಷ್ಟು ಹರಿದಿತ್ತು. ಅಂಗಡಿಯ ಮಮಾ ಅದನ್ನು ಬೆಳಕಿಗೆ ಹಿಡಿದಳು, ಹೆಬ್ಬೆರಳಲ್ಲಿ ಮೂಲೆ ಸವರಿದಳು, ಏನೂ ಹೇಳದೆ ವಾಪಸ್ ಕೊಟ್ಟಳು. ಆ ನೋಟು ನಾಲ್ಕು ವರ್ಷ ನನ್ನ ಪೆಟ್ಟಿಗೆಯಲ್ಲೇ ಇತ್ತು. ಮಜಾ ಅಂದರೆ ಫ್ರಾಂಕ್ ನೋಟು ಮಾತ್ರ ಎಷ್ಟು ಮಾಸಿದ್ದರೂ ಓಡುತ್ತದೆ. ಒಯ್ಯುವ ಡಾಲರ್ ಹೊಸದು, ಗೀರಿಲ್ಲದ್ದು, ಮಡಿಚದ್ದು ಇರಲಿ.

ಆರೋಗ್ಯಕ್ಕೆ ಬಂದರೆ, ಹಳದಿ ಜ್ವರದ ಲಸಿಕೆ ಕಡ್ಡಾಯ. ಇದು ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರ್ಕಾರ ಗೊತ್ತು ಮಾಡಿದ ಕೇಂದ್ರದಲ್ಲೇ ಹಾಕಿಸಿ, ಹಳದಿ ಕಾರ್ಡ್ ತಗೊಳ್ಳಿ. ಹಾಕಿಸಿ 10 ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ, ಆದ್ದರಿಂದ ಹಿಂದಿನ ದಿನ ಓಡಬೇಡಿ. ಮರಳಿ ಬರುವಾಗ ಭಾರತದವರೂ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಮಲೇರಿಯಾ ಮಂಗಳೂರಿನವರಿಗೆ ಹೊಸದಲ್ಲ ನಿಜ, ಆದರೆ ನಮ್ಮಲ್ಲಿ ಜಾಸ್ತಿ ಕಾಣುವುದು ವೈವಾಕ್ಸ್, ಅಲ್ಲಿಯದು ಬಹುಪಾಲು ಫಾಲ್ಸಿಪಾರಮ್, ಅಪಾಯ ಹೆಚ್ಚು. ಊರಿಗೆ ಬಂದ ಮೇಲೆ ಜ್ವರ ಬಂದರೂ ಡಾಕ್ಟರಿಗೆ "ಕಾಂಗೋದಿಂದ ಬಂದೆ" ಅಂತ ಮೊದಲೇ ಹೇಳಿ.

ಊಟಕ್ಕೆ ಹೆದರಬೇಡಿ. ಅಲ್ಲಿನ ಅಕ್ಕಿ, ಗೋಧಿ ಎಲ್ಲ ಮರಗೆಣಸೇ. ಅದರ ಹಿಟ್ಟಿನ ಮುದ್ದೆ ಫುಫು. ಅದರ ಸೊಪ್ಪು ಕುಟ್ಟಿ ತಾಳೆಣ್ಣೆ ಹಾಕಿ ತುಂಬ ಹೊತ್ತು ಬೇಯಿಸಿದರೆ ಪೊಂಡು (ಒಣಮೀನು ಹಾಕುವುದುಂಟು, ಸಸ್ಯಾಹಾರಿಗಳು ಕೇಳಿಯೇ ತಿನ್ನಿ). ಹುಳಿ ಬರಿಸಿದ ಮರಗೆಣಸಿನ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ್ದು ಕ್ವಾಂಗಾ. ಮೂಡೆ ಬಿಚ್ಚುವ ಆಸೆಯಲ್ಲಿ ಎಲೆ ಬಿಚ್ಚಿದೆ, ಒಳಗೆ ಗಟ್ಟಿ, ಅಂಟಂಟು, ಹುಳಿ ವಾಸನೆ. ಮೊದಲ ದಿನ ಬಿಟ್ಟೆ. ಆಮೇಲೆ ಮಕಯಾಬು ಅನ್ನುವ ಉಪ್ಪುಮೀನಿನ ಜೊತೆ ತಿಂದು ನೋಡಿದೆ, ಮಳೆಗಾಲದ ಗಂಜಿ, ಒಣಮೀನು ನೆನಪಾಯಿತು. ಕುಚ್ಚಲಕ್ಕಿ ಮಾತ್ರ ಐದು ಕೆಜಿ ಇಟ್ಟುಕೊಳ್ಳಿ.

ಇತಿಹಾಸ ಸ್ವಲ್ಪ ಗೊತ್ತಿದ್ದರೆ ಜನರ ಸಿಟ್ಟು ಅರ್ಥ ಆಗುತ್ತದೆ. 1885ರಿಂದ 1908ರವರೆಗೆ ಈ ಇಡೀ ದೇಶ ಬೆಲ್ಜಿಯಂ ರಾಜ ಎರಡನೇ ಲಿಯೊಪೋಲ್ಡನ ಸ್ವಂತ ಆಸ್ತಿ. ರಬ್ಬರಿಗಾಗಿ ಜನರ ಕೈ ಕಡಿದ ಕಾಲ ಅದು. ಸ್ವಾತಂತ್ರ್ಯ ಬಂದದ್ದು 1960ರ ಜೂನ್ 30ಕ್ಕೆ, ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾರನ್ನು ಏಳು ತಿಂಗಳೊಳಗೆ ಕೊಂದರು. 1965ರಿಂದ 1997ರವರೆಗೆ ಮೊಬುಟು, ದೇಶದ ಹೆಸರನ್ನೇ ಜೈರ್ ಅಂತ ಬದಲಾಯಿಸಿದ. ಈಗ ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಯದು, ನಿಮ್ಮ ಮೊಬೈಲ್ ಬ್ಯಾಟರಿಯೊಳಗೂ ಇರಬಹುದು. ಆದರೆ ಇಂಗಾದಂಥ ಅಣೆಕಟ್ಟು ಇದ್ದೂ ಕಿನ್ಶಾಸಾದಲ್ಲಿ ಕರೆಂಟು ಹೋಗುತ್ತಲೇ ಇರುತ್ತದೆ. ಪವರ್ ಬ್ಯಾಂಕ್ ಎರಡು ಇರಲಿ.

ಇಷ್ಟು ಹೇಳುವಾಗ ಅಳಿಯ ಲೆಟರ್ ಹುಡುಕಿ ತಂದಿದ್ದ. ಲುಬುಂಬಾಶಿಯಂತೆ. ಸರಿ, ಲಿಂಗಾಲ ಬಿಡು, ಸ್ವಾಹಿಲಿ ಕಲಿ ಅಂದೆ. ತಾಮ್ರದ ಗಣಿಗಳ ಸೀಮೆ, ಜಾಂಬಿಯಾ ಗಡಿ ಹತ್ತಿರ. 1961ರಲ್ಲಿ ವಿಶ್ವಸಂಸ್ಥೆಯ ಪಡೆಯಲ್ಲಿದ್ದ ನಮ್ಮ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಹೋರಾಡಿ ಪ್ರಾಣ ಬಿಟ್ಟದ್ದು ಇದೇ ಊರಲ್ಲಿ, ಆಗ ಅದರ ಹೆಸರು ಎಲಿಜಬೆತ್‌ವಿಲ್. ಪರಮವೀರ ಚಕ್ರ ಸಿಕ್ಕಿತು.

ಹೋಗುವುದು ಜೂನ್‌ನಲ್ಲಂತೆ. ಅಕ್ಕ ಆಗಲೇ ಎರಡು ಕೊಡೆ ತೆಗೆದಿಟ್ಟಿದ್ದಾಳೆ. ನಮಗೆ ಜಡಿಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಒಂದು ಹನಿ ಇಲ್ಲ, ಊರು ಎತ್ತರದಲ್ಲಿರುವುದರಿಂದ ರಾತ್ರಿ ಚಳಿ ಬೇರೆ. ಕೊಡೆ ಒಳಗಿಡು, ಸ್ವೆಟರ್ ಹಾಕು ಅಂದೆ. "ಆಫ್ರಿಕಾಕ್ಕೆ ಸ್ವೆಟರಾ?" ಅಂತ ಅವಳು ಇನ್ನೂ ನಂಬಿಲ್ಲ.