ಎಷ್ಟು ಸಾಲ ಬೇಕು? ಸಣ್ಣ ಉದ್ಯಮಿಗಳು ಎಡವುವುದು ಇಲ್ಲೇ

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದ ಮಾಲೀಕರನ್ನು ದಿನಕ್ಕೆ ಎಷ್ಟು ಪ್ಯಾಂಟು ತಯಾರಾಗುತ್ತವೆ ಎಂದು ಕೇಳಿ, ಥಟ್ಟನೆ ಹೇಳುತ್ತಾರೆ. ಝಿಪ್ಪಿಗೆ ಎಷ್ಟು, ಗುಂಡಿಗೆ ಎಷ್ಟು, ಕಟಿಂಗ್ ಮಾಸ್ತರಿಗೆ ಎಷ್ಟು ಎಂಬುದೆಲ್ಲ ಬಾಯಲ್ಲೇ ಇರುತ್ತದೆ. ಬ್ಯಾಂಕ್ ಮ್ಯಾನೇಜರ್ ‘ಎಷ್ಟು ಸಾಲ ಬೇಕು?’ ಎಂದಾಗ ಮಾತ್ರ ಅದೇ ಮಾಲೀಕರು ‘ನೀವು ಎಷ್ಟು ಕೊಡುತ್ತೀರಿ ಸಾರ್?’ ಎಂದು ತಿರುಗಿ ಕೇಳುತ್ತಾರೆ. ಅಲ್ಲಿಗೆ ಅರ್ಜಿಯ ಅರ್ಧ ಜೀವ ಹೋಗಿರುತ್ತದೆ. ಜಾಮೀನು ಇಲ್ಲದ್ದಕ್ಕೆ ಸಾಲ ಸಿಗಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬರುವವರ ಕಡತ ಬಿಚ್ಚಿ ನೋಡಿದರೆ, ಹೆಚ್ಚಿನ ಸಲ ಕೆಟ್ಟಿರುವುದು ಜಾಮೀನಲ್ಲ, ಲೆಕ್ಕ.

ಹೆಜ್ಜೆ 1: ಯಾವ ವರ್ಗ ಎಂದು ನೋಡಿಕೊಳ್ಳಿ

ಇದು ಸುಲಭ. ಯಂತ್ರೋಪಕರಣದ ಮೇಲಿನ ಹೂಡಿಕೆ ಮತ್ತು ವಾರ್ಷಿಕ ವಹಿವಾಟು, ಎರಡನ್ನೂ ಒಟ್ಟಿಗೆ ನೋಡುತ್ತಾರೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಿತಿ ಹೀಗಿದೆ: ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ರೂಪಾಯಿ ಮೀರದಿದ್ದರೆ ಸೂಕ್ಷ್ಮ, 25 ಕೋಟಿ ಮತ್ತು 100 ಕೋಟಿಯೊಳಗಿದ್ದರೆ ಸಣ್ಣ, 125 ಕೋಟಿ ಮತ್ತು 500 ಕೋಟಿಯೊಳಗಿದ್ದರೆ ಮಧ್ಯಮ. ಎರಡರಲ್ಲಿ ಒಂದು ಮಿತಿ ದಾಟಿದರೂ ಮೇಲಿನ ವರ್ಗಕ್ಕೆ ಹೋಗುತ್ತೀರಿ. ಹಳೆಯ ಪುಸ್ತಕಗಳಲ್ಲಿ, ಕೆಲವು ಸೈಬರ್ ಅಂಗಡಿಗಳ ಗೋಡೆಯ ಮೇಲೆ ಇನ್ನೂ 2020ರ ಪಟ್ಟಿಯೇ ಇದೆ. ಅದನ್ನು ನಂಬಬೇಡಿ.

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಯವರು ಇಲ್ಲಿ ಸುಮ್ಮನೆ ಗಾಬರಿಯಾಗುತ್ತಾರೆ. ಗಿರಣಿಯ ಜಾಗಕ್ಕೇ ಕೋಟಿಗಟ್ಟಲೆ ಬೆಲೆ ಬಂದಿದೆ, ನಾವು ಸೂಕ್ಷ್ಮದಲ್ಲಿ ಹೇಗೆ ಉಳಿದೇವು ಎಂಬ ಚಿಂತೆ. ಭೂಮಿ, ಕಟ್ಟಡ, ಪೀಠೋಪಕರಣ ಈ ಲೆಕ್ಕಕ್ಕೆ ಸೇರುವುದಿಲ್ಲ. ಯಂತ್ರಗಳಿಗೂ ಕೊಂಡ ಬೆಲೆಯನ್ನಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಿದ, ಸವಕಳಿ ಕಳೆದು ಉಳಿದ ಬೆಲೆಯನ್ನು ಹಿಡಿಯುತ್ತಾರೆ. ರಫ್ತಿನ ವಹಿವಾಟನ್ನೂ ಬಿಡುತ್ತಾರೆ. ಆದರೆ ಒಂದೇ ಪ್ಯಾನ್ ಸಂಖ್ಯೆಯಡಿ ಸಿಂಧನೂರಿನಲ್ಲೊಂದು, ಮಾನ್ವಿಯಲ್ಲೊಂದು ಘಟಕವಿದ್ದರೆ ಎರಡನ್ನೂ ಕೂಡಿಸಿಯೇ ಲೆಕ್ಕ.

ಹೆಜ್ಜೆ 2: ಉದ್ಯಮ್ ನೋಂದಣಿ

ಆಧಾರ್, ಪ್ಯಾನ್, ಅನ್ವಯಿಸುವವರಿಗೆ ಜಿಎಸ್‌ಟಿ ಸಂಖ್ಯೆ ಇಟ್ಟುಕೊಂಡು, ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳನ್ನು ನೋಂದಾಯಿಸುವ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಕುಳಿತರೆ ಒಂದು ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ಶುಲ್ಕವಿಲ್ಲ. ಸರ್ಕಾರಿ ಲಾಂಛನ ಹೋಲುವ ಚಿತ್ರ ಹಾಕಿಕೊಂಡು ಸಾವಿರ, ಎರಡು ಸಾವಿರ ಕೀಳುವ ಖಾಸಗಿ ಜಾಲತಾಣಗಳು ಬೇಕಾದಷ್ಟಿವೆ. ಹಣ ಕೇಳಿತೆಂದರೆ ಅದು ಉದ್ಯಮ್ ಪೋರ್ಟಲ್ ಅಲ್ಲ ಎಂದು ತಿಳಿಯಿರಿ. ಜಿಎಸ್‌ಟಿ ಇಲ್ಲದ ತೀರಾ ಚಿಕ್ಕ ಉದ್ಯಮಗಳಿಗೆ ಬ್ಯಾಂಕಿನ ಮೂಲಕವೇ ನೋಂದಾಯಿಸುವ ‘ಉದ್ಯಮ್ ಅಸಿಸ್ಟ್’ ವ್ಯವಸ್ಥೆ 2023ರಿಂದ ಇದೆ.

ಎಚ್ಚರ ಬೇಕಿರುವುದು ಒಂದೇ ಜಾಗದಲ್ಲಿ. ಚಟುವಟಿಕೆ ಯಾವುದು ಎಂಬ ಕಾಲಂನಲ್ಲಿ, ಹೊಲಿದು ಮಾರುವವರು ‘ವ್ಯಾಪಾರ’ ಎಂದು ತುಂಬಿಬಿಡುತ್ತಾರೆ. ಚಿಲ್ಲರೆ, ಸಗಟು ವ್ಯಾಪಾರಿಗಳನ್ನು 2021ರ ಜುಲೈಯಲ್ಲಿ ಉದ್ಯಮ್ ವ್ಯಾಪ್ತಿಗೆ ತಂದದ್ದು ಆದ್ಯತಾ ವಲಯದ ಸಾಲಕ್ಕೆ (ಬ್ಯಾಂಕುಗಳು ಇಂತಿಷ್ಟು ಪಾಲು ಕೊಡಲೇಬೇಕಾದ ಕ್ಷೇತ್ರಗಳ ಸಾಲ) ಮಾತ್ರ. ತಯಾರಕರಿಗಿರುವ ಉಳಿದ ರಕ್ಷಣೆ (ಬಿಲ್ಲಿನ ಹಣ ತಡವಾದರೆ ಸಿಗುವ ಬಡ್ಡಿಯಂಥದ್ದು) ಆ ವ್ಯಾಪಾರಿಗಳಿಗಿಲ್ಲ. ನೀವು ತಯಾರಿಸುವವರಾದರೆ ‘ತಯಾರಿಕೆ’ ಎಂದೇ ತುಂಬಿ.

ಹೆಜ್ಜೆ 3: ಸಾಲದ ಮೊತ್ತ ನೀವೇ ಬರೆಯಿರಿ

ಇಲ್ಲಿ ನಿಧಾನಿಸಿ. ಮೊದಲು ಬೇಡಿಕೆಯನ್ನು ಎರಡು ಭಾಗ ಮಾಡಿ. ಯಂತ್ರ, ಶೆಡ್ಡು ಇಂಥದ್ದಕ್ಕೆ ಟರ್ಮ್ ಲೋನ್, ಕಂತಿನಲ್ಲಿ ತೀರಿಸುವುದು. ಬಟ್ಟೆ, ದಾರ, ಕೂಲಿ, ಉದ್ರಿಯಲ್ಲಿ ಸಿಕ್ಕಿಕೊಂಡ ಹಣ ಇವುಗಳಿಗೆ ದುಡಿಯುವ ಬಂಡವಾಳ, ಅಂದರೆ ಕ್ಯಾಶ್ ಕ್ರೆಡಿಟ್. ಎಲ್ಲರ ಬಾಯಲ್ಲಿ ಸಿಸಿ. ಸಿಸಿ ಹಣದಲ್ಲಿ ವಾಷಿಂಗ್ ಯಂತ್ರ ಕೊಂಡವರು ಮೂರನೇ ತಿಂಗಳಿಗೆ ಬಟ್ಟೆ ಕೊಳ್ಳಲು ದುಡ್ಡಿಲ್ಲದೆ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುತ್ತಾರೆ. ಯಂತ್ರ ನಿಂತಲ್ಲೇ ನಿಂತಿರುತ್ತದೆ.

ಟರ್ಮ್ ಲೋನ್ ಲೆಕ್ಕ ಸರಳ: ಕೊಟೇಶನ್ ಮೊತ್ತದಲ್ಲಿ ನಿಮ್ಮ ಪಾಲು ಕಳೆದರೆ ಉಳಿದದ್ದು ಸಾಲ. ಕೊಟೇಶನ್ ಉಬ್ಬಿಸಿ ತರುವ ‘ಉಪಾಯ’ ಮಾತ್ರ ಬೇಡ. ಬ್ಯಾಂಕಿನವರು ಅದೇ ಯಂತ್ರಕ್ಕೆ ಹತ್ತು ಕೊಟೇಶನ್ ನೋಡಿರುತ್ತಾರೆ.

ಕಷ್ಟವಿರುವುದು ದುಡಿಯುವ ಬಂಡವಾಳದಲ್ಲಿ. ಸಣ್ಣ ಉದ್ಯಮಗಳ ಚಿಕ್ಕ ಮಿತಿಗಳಿಗೆ ಬ್ಯಾಂಕುಗಳು ಬಳಸುವ ಸೂತ್ರ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯದು. ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 25ರಷ್ಟು ದುಡಿಯುವ ಬಂಡವಾಳ ಬೇಕೆಂದು ಹಿಡಿಯುತ್ತಾರೆ. ಅದರಲ್ಲಿ ವಹಿವಾಟಿನ ಶೇ 20 ಬ್ಯಾಂಕಿನದು, ಶೇ 5 ನಿಮ್ಮದು. ಹಾಕಿದ ಹಣ ಮೂರು ತಿಂಗಳಿಗೊಮ್ಮೆ ಮರಳಿ ಕೈಸೇರುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಹಾಗಾದರೆ ವಹಿವಾಟು ಎಂದರೆ ಯಾವುದು? ಬಳ್ಳಾರಿಯಲ್ಲಿ ಬಹಳ ಜನ ತಪ್ಪುವುದು ಇಲ್ಲಿಯೇ. ಒಂದು ಘಟಕ ದಿನಕ್ಕೆ 100 ಪ್ಯಾಂಟು ಹೊಲಿಯುತ್ತದೆ, ತಿಂಗಳಿಗೆ 25 ದಿನ ಕೆಲಸ ಎಂದಿಟ್ಟುಕೊಳ್ಳಿ. ವರ್ಷಕ್ಕೆ 30,000 ಪ್ಯಾಂಟು. ಬಟ್ಟೆ ಸಾಹುಕಾರರದು, ನಿಮ್ಮದು ಜಾಬ್ ವರ್ಕ್ ಮಾತ್ರ, ಒಂದಕ್ಕೆ ಕೂಲಿ 60 ರೂಪಾಯಿ ಎಂದಾದರೆ ನಿಮ್ಮ ವಹಿವಾಟು 18 ಲಕ್ಷ. ಬ್ಯಾಂಕ್ ಲೆಕ್ಕದಲ್ಲಿ ನಿಮಗೆ ಬರುವುದು 3.60 ಲಕ್ಷ. ಅದೇ ಘಟಕ ಸ್ವಂತ ಬಟ್ಟೆ ಕೊಂಡು, ಪ್ಯಾಂಟನ್ನು 450 ರೂಪಾಯಿಗೆ ಮಾರಿದರೆ ವಹಿವಾಟು 1.35 ಕೋಟಿ, ಬ್ಯಾಂಕಿನ ಪಾಲು 27 ಲಕ್ಷ, ನೀವು ಹಾಕಬೇಕಾದ್ದು 6.75 ಲಕ್ಷ. ಹೊಲಿಗೆ ಅದೇ, ಯಂತ್ರಗಳೂ ಅವೇ. ಜಾಬ್ ವರ್ಕ್ ಮಾಡುವವರು 27 ಲಕ್ಷ ಕೇಳಿ, ಬ್ಯಾಂಕಿನವರು ಮೂರೂವರೆ ಅಂದರು, ಅವಮಾನ ಮಾಡಿದರು ಎಂದು ಎದ್ದು ಬರುವುದನ್ನು ನೋಡಿದ್ದೇನೆ. ಬ್ಯಾಂಕಿನವರ ಲೆಕ್ಕವೇ ಸರಿ ಇತ್ತು. ಸಾಹುಕಾರರ ಬಟ್ಟೆಯ ಮೇಲೆ ನಿಮಗೆ ಸಾಲ ಹುಟ್ಟುವುದಿಲ್ಲ.

ಎರಡನೆಯದು, ಬಿಲ್ಲಿಲ್ಲದ ವ್ಯಾಪಾರ. ಐದು ವರ್ಷ ತೆರಿಗೆ ಉಳಿಸಲೆಂದು 30 ಲಕ್ಷ ತೋರಿಸಿ, ಸಾಲದ ಹೊತ್ತಿಗೆ ‘ನಿಜವಾದ ವ್ಯಾಪಾರ ಒಂದೂಕಾಲು ಕೋಟಿ’ ಎಂದರೆ ಯಾರೂ ಒಪ್ಪುವುದಿಲ್ಲ. ಬ್ಯಾಂಕ್ ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ ರಿಟರ್ನ್ (ಐಟಿಆರ್), ಚಾಲ್ತಿ ಖಾತೆಯ ಸ್ಟೇಟ್‌ಮೆಂಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದುತ್ತದೆ. ಮೂರೂ ಒಂದೇ ಕಥೆ ಹೇಳಬೇಕು. ಸಾಲ ಕೇಳುವ ಯೋಚನೆ ಇದ್ದರೆ ಒಂದು ವರ್ಷ ಮೊದಲೇ ಮಾರಾಟದ ಹಣವನ್ನೆಲ್ಲ ಚಾಲ್ತಿ ಖಾತೆಗೆ ಹಾಕಲು ಶುರುಮಾಡಿ. ಹೆಂಡತಿಯ ಉಳಿತಾಯ ಖಾತೆಯ ಫೋನ್‌ಪೇ ಸ್ಕ್ಯಾನರ್ ತೆಗೆದುಹಾಕಿ. ಕಳೆದ ವರ್ಷ 60 ಲಕ್ಷವಿದ್ದ ವಹಿವಾಟನ್ನು ಮುಂದಿನ ವರ್ಷಕ್ಕೆ 75 ಲಕ್ಷ ಎಂದರೆ ಒಪ್ಪಬಹುದು. ಒಂದೂವರೆ ಕೋಟಿ ಎಂದರೆ ಕೈಯಲ್ಲಿ ಆರ್ಡರ್ ಪತ್ರ ಇರಬೇಕು.

ಅಕ್ಕಿ ಗಿರಣಿಯವರ ಲೆಕ್ಕ ಬೇರೆ. ಕೊಯ್ಲಿನ ಕೆಲವೇ ವಾರಗಳಲ್ಲಿ ಭತ್ತ ತುಂಬಿಸಿಕೊಂಡು ತಿಂಗಳುಗಟ್ಟಲೆ ಅಕ್ಕಿ ಮಾಡಿ ಮಾರುವವರಿಗೆ ಮೂರು ತಿಂಗಳ ಚಕ್ರ ಹೊಂದುವುದಿಲ್ಲ. ಶೇ 20 ಎಂಬುದು ಕನಿಷ್ಠ. ಹಣ ಹೆಚ್ಚು ಕಾಲ ಸಿಕ್ಕಿಕೊಳ್ಳುತ್ತದೆ ಎಂದು ತೋರಿಸಿದರೆ ಹೆಚ್ಚು ಕೇಳಬಹುದು. ತೋರಿಸಬೇಕಾದ್ದು ತಿಂಗಳವಾರು ಪಟ್ಟಿಯಲ್ಲಿ: ಯಾವ ತಿಂಗಳು ಎಷ್ಟು ಭತ್ತ ಒಳಗೆ, ಎಷ್ಟು ಅಕ್ಕಿ ಹೊರಗೆ, ಎಷ್ಟು ಉದ್ರಿ. ತುಂಗಭದ್ರಾ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬರದಿದ್ದರೆ ಈ ಪಟ್ಟಿ ಏನಾಗುತ್ತದೆ ಎಂಬ ಸಾಲನ್ನೂ ಸೇರಿಸಿ. ಮ್ಯಾನೇಜರ್ ಹೇಗಿದ್ದರೂ ಕೇಳುತ್ತಾರೆ.

ಜೆರಾಕ್ಸ್ ಅಂಗಡಿಯ ಸಿದ್ಧ ಪ್ರಾಜೆಕ್ಟ್ ರಿಪೋರ್ಟ್ ಕೊಳ್ಳಲೇಬೇಡಿ. ಹೊಲಿಗೆ ಘಟಕದ ವರದಿಯೊಂದರ ಕಚ್ಚಾ ವಸ್ತುಗಳ ಪಟ್ಟಿಯಲ್ಲಿ ಮೈದಾ ಹಿಟ್ಟು, ಡಾಲ್ಡಾ ಇದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ; ಯಾವುದೋ ಬೇಕರಿಯ ವರದಿಗೆ ಹೆಸರು ಮಾತ್ರ ಬದಲಿಸಿದ್ದರು. ನೀವೇ ನಾಲ್ಕು ಹಾಳೆಯಲ್ಲಿ ಕೈಬರಹದಲ್ಲಿ ಬರೆದು ಆಡಿಟರ್‌ಗೆ ಕೊಡಿ, ಅವರು ನಮೂನೆಗೆ ಇಳಿಸಲಿ.

ಹೆಜ್ಜೆ 4: ಯಾವ ಯೋಜನೆ

20 ಲಕ್ಷದೊಳಗಿನ ಬೇಡಿಕೆಗೆ ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆ: 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. 20 ಲಕ್ಷದ ‘ತರುಣ ಪ್ಲಸ್’ ತರುಣ ಸಾಲ ತೀರಿಸಿದವರಿಗೆ ಮಾತ್ರ. ಕಿನ್ನಾಳದ ಗೊಂಬೆ ಮಾಡುವವರಂಥ ಸಾಂಪ್ರದಾಯಿಕ ಕುಶಲಕರ್ಮಿಗಳು ಇದಕ್ಕಿಂತ ಮೊದಲು ಪಿಎಂ ವಿಶ್ವಕರ್ಮ ನೋಡಲಿ. ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ, ಶೇ 5ರ ಬಡ್ಡಿಗೆ.

ಹೊಸ ಘಟಕಕ್ಕಾದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ (ಪಿಎಂಇಜಿಪಿ) ಇದೆ. ಶೇ 15ರಿಂದ 35ರವರೆಗೆ ಸಹಾಯಧನ. ಆದರೆ ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕುಳಿತು, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಮಂಜೂರಾತಿಗೆ ಮೊದಲೇ ಘಟಕ ಶುರುಮಾಡಿದವರಿಗೆ ಸಿಗುವುದಿಲ್ಲ. ಸಹಾಯಧನ ಕೊಡಿಸುತ್ತೇನೆ ಎಂದು ಮುಂಗಡ ಕೇಳುವ ದಲಾಲಿಗೆ ಚಹಾ ಕುಡಿಸಿ ಕಳುಹಿಸಿ.

ಜಾಮೀನಿನ ಮಾತು: 20 ಲಕ್ಷದವರೆಗಿನ (2026ರ ಏಪ್ರಿಲ್‌ಗೆ ಮೊದಲು ಇದು 10 ಲಕ್ಷವಿತ್ತು) ಸಾಲಕ್ಕೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಆಸ್ತಿ ಅಡಮಾನ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಅದರ ಮೇಲಿನದ್ದಕ್ಕೆ, ಸಾಲ ತೀರದಿದ್ದರೆ ಬ್ಯಾಂಕಿನ ನಷ್ಟದ ಬಹುಪಾಲು ತುಂಬಿಕೊಡುವ ಸರ್ಕಾರಿ ನಿಧಿಯಾದ ಸಿಜಿಟಿಎಂಎಸ್‌ಇ ಖಾತರಿ ಇದೆ. 2025ರ ಏಪ್ರಿಲ್‌ನಿಂದ ಇದರ ಮಿತಿ 10 ಕೋಟಿ. ಈ ಖಾತರಿಯ ಶುಲ್ಕ ಸಾಮಾನ್ಯವಾಗಿ ನಿಮ್ಮ ಖಾತೆಗೇ ಬೀಳುತ್ತದೆ, ರಕ್ಷಣೆ ಮಾತ್ರ ಬ್ಯಾಂಕಿಗೆ. ‘ಸರ್ಕಾರವೇ ಕಟ್ಟುತ್ತದೆ’ ಎಂದು ಕಂತು ನಿಲ್ಲಿಸಿದವರ ಮೇಲೆ ವಸೂಲಿ ಎಂದಿನಂತೆಯೇ ನಡೆಯುತ್ತದೆ.

ಹೆಜ್ಜೆ 5: ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ

ನಿಮ್ಮ ಚಾಲ್ತಿ ಖಾತೆ ಇರುವ ಬ್ಯಾಂಕಿಗೇ ಹೋಗಿ. ಬಳ್ಳಾರಿಯಲ್ಲೇ ಕೇಂದ್ರ ಕಚೇರಿ ಇರುವ ಗ್ರಾಮೀಣ ಬ್ಯಾಂಕನ್ನು ಸಣ್ಣದೆಂದು ಕಡೆಗಣಿಸಬೇಡಿ; ವಾಣಿಜ್ಯ ಬ್ಯಾಂಕುಗಳಿಗೆ ಆದ್ಯತಾ ವಲಯದ ಗುರಿ ಶೇ 40 ಆದರೆ ಗ್ರಾಮೀಣ ಬ್ಯಾಂಕುಗಳಿಗೆ ಶೇ 75. ಏಕಕಾಲಕ್ಕೆ ನಾಲ್ಕು ಕಡೆ ಅರ್ಜಿ ಹಾಕಿದರೆ ನಾಲ್ಕು ವಿಚಾರಣೆಗಳೂ ಸಿಬಿಲ್ (ಸಾಲದ ಇತಿಹಾಸದ) ವರದಿಯಲ್ಲಿ ಮೂಡುತ್ತವೆ. ದಿನಾಂಕವಿರುವ ಸ್ವೀಕೃತಿ ಕೇಳಿ ಪಡೆಯಿರಿ. 25 ಲಕ್ಷದವರೆಗಿನ ಅರ್ಜಿಯನ್ನು 14 ಕೆಲಸದ ದಿನಗಳಲ್ಲಿ ತೀರ್ಮಾನಿಸಬೇಕು, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಸ್ವೀಕೃತಿ ಇಲ್ಲದವರಿಗೆ ಈ ದಿನಗಳ ಲೆಕ್ಕ ಶುರುವಾಗುವುದೇ ಇಲ್ಲ.

ಮಂಜೂರಾದ ಮೇಲೆ

27 ಲಕ್ಷದ ಸಿಸಿ ಮಂಜೂರಾಯಿತು ಎಂದರೆ 27 ಲಕ್ಷ ತೆಗೆಯಬಹುದು ಎಂದಲ್ಲ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಮೇಲೆ ‘ಡ್ರಾಯಿಂಗ್ ಪವರ್’, ಅಂದರೆ ಆ ತಿಂಗಳು ತೆಗೆಯಬಹುದಾದ ಮೊತ್ತ, ನಿಂತಿದೆ. ಗೋದಾಮಿನಲ್ಲಿ 14 ಲಕ್ಷದ ಮಾಲು, ಬರಬೇಕಾದ ಉದ್ರಿ 12 ಲಕ್ಷ, ನೀವು ಬಟ್ಟೆಯವರಿಗೆ ಕೊಡಬೇಕಾದ್ದು 6 ಲಕ್ಷ ಇದೆ ಎನ್ನಿ. ಉದ್ರಿಯಲ್ಲಿ 4 ಲಕ್ಷ 90 ದಿನ ದಾಟಿದ್ದರೆ ಅದನ್ನು ಸಾಮಾನ್ಯವಾಗಿ ಬಿಡುತ್ತಾರೆ. 14ಕ್ಕೆ 8 ಕೂಡಿಸಿ 6 ಕಳೆದರೆ 16. ಅದರಲ್ಲಿ ಕಾಲು ಭಾಗ ಮಾರ್ಜಿನ್ (ನೀವೇ ಹಾಕಬೇಕಾದ ಪಾಲು) ತೆಗೆದರೆ ಈ ತಿಂಗಳು ನಿಮಗೆ ಸಿಗುವುದು 12 ಲಕ್ಷ. ಮಾರ್ಜಿನ್ ಬ್ಯಾಂಕಿನಿಂದ ಬ್ಯಾಂಕಿಗೆ ತುಸು ಬೇರೆಯಾದೀತು, ಕ್ರಮ ಇದೇ. ಕಳೆದ ತಿಂಗಳ ಹಾಳೆಗೇ ದಿನಾಂಕ ತಿದ್ದಿ ಕೊಡುವ ರೂಢಿ ನಮ್ಮ ಕಡೆ ಬಲವಾಗಿದೆ. ತಪಾಸಣೆಗೆ ಬಂದವರು ಗೋದಾಮಿನ ಬಾಗಿಲು ತೆಗೆಸಿದ ದಿನ ಅದು ಬಯಲಾಗುತ್ತದೆ.

ಕಂತು ಅಥವಾ ಬಡ್ಡಿ 90 ದಿನ ದಾಟಿದರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ. ಕಷ್ಟ ಬಂದರೆ ಮೊದಲ ತಿಂಗಳಲ್ಲೇ ಬರಹದಲ್ಲಿ ತಿಳಿಸಿ, ಮರುಹೊಂದಾಣಿಕೆಗೆ ದಾರಿ ಇರುವುದು ಅದಕ್ಕೆ ಮೊದಲು.

ಹಳೆಯ ಉದ್ರಿಯಿಂದಲೇ ಡ್ರಾಯಿಂಗ್ ಪವರ್ ಕುಸಿಯುತ್ತದೆಯಾದ್ದರಿಂದ ಒಂದು ಕೆಲಸ ಇವತ್ತೇ ಮಾಡಿ. ಉದ್ಯಮ್ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಸೂಕ್ಷ್ಮ ಅಥವಾ ಸಣ್ಣ ತಯಾರಕರಿಂದ ಮಾಲು ಕೊಂಡವರು ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಷ್ಟೇ ಅಲ್ಲ, ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಕೊಂಡವರು ಆ ವರ್ಷದ ಖರ್ಚಾಗಿ ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ. ಬಡ್ಡಿಯ ಮಾತಿಗೆ ನಗುವ ಸಗಟು ವ್ಯಾಪಾರಿಗಳೂ ಮಾರ್ಚ್ ತಿಂಗಳಲ್ಲಿ ಆಡಿಟರ್ ಫೋನ್ ಮಾಡಿದ ಕೂಡಲೇ ಚೆಕ್ ಬರೆಯುತ್ತಾರೆ.