ಒಂದೇ ಸರಳು, ಎರಡು ಬಲ: ಮೆಗ್ನೀಸಿಯಂ ಟ್ವಿನಿಂಗ್‌ಗೆ ಎಕ್ಸ್-ರೇ ಪುರಾವೆ

ಎಕ್ಸ್‌ಟ್ರೂಷನ್ ಮಾಡಿದ, ಅಂದರೆ ಅಚ್ಚಿನ ರಂಧ್ರದ ಮೂಲಕ ಒತ್ತಿ ಹೊರತೆಗೆದ, ಎಝೆಡ್31 ಎಂಬ ಮೆಗ್ನೀಸಿಯಂ ಮಿಶ್ರಲೋಹದ ಸರಳನ್ನು ಉದ್ದಕ್ಕೆ ಎಳೆದಾಗ ಅದು ಸುಮಾರು 200 ಮೆಗಾಪಾಸ್ಕಲ್‌ವರೆಗೆ ತಡೆದುಕೊಂಡಿತು. ಅದೇ ಅಕ್ಷದಲ್ಲಿ ಒತ್ತಿದಾಗ 110ರ ಆಸುಪಾಸಿನಲ್ಲಿಯೇ ಮಣಿಯಿತು. ಈ ಅಂತರಕ್ಕೆ ಟ್ವಿನಿಂಗ್, ಅಂದರೆ ಬಲಕ್ಕೆ ಸಿಕ್ಕ ಹರಳಿನ ಒಂದು ಭಾಗ ಕನ್ನಡಿಯ ಬಿಂಬದಂತೆ ಬೇರೆ ದಿಕ್ಕಿಗೆ ತಿರುಗಿಕೊಳ್ಳುವುದು, ಕಾರಣವೆಂದು ಎಲ್ಲರೂ ಬಲ್ಲರಾದರೂ, ನನ್ನ ಅಂಕಿಗಳನ್ನು ನೋಡಿದವರು ಘರ್ಷಣೆ, ಯಂತ್ರದ ಸಡಿಲು, ಓರೆಯಾದ ಮುಖ ಎಂದು ಒಂದೊಂದೇ ಅನುಮಾನ ಮುಂದಿಟ್ಟರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹರಳುಗಳ ದಿಕ್ಕನ್ನು ಗುರುತಿಸುವ ಇಬಿಎಸ್‌ಡಿ ನಕ್ಷೆಯಿಲ್ಲದೆ ಟ್ವಿನಿಂಗ್‌ನ ಮಾತೇ ಬೇಡ ಎಂದವರೂ ಇದ್ದರು.

ಇಬಿಎಸ್‌ಡಿಯನ್ನು ನಾನು ಪ್ರಯತ್ನಿಸದೆ ಬಿಟ್ಟಿರಲಿಲ್ಲ. ಕೈಯಲ್ಲಿದ್ದ ಹಣದ ಅರ್ಧದಷ್ಟು ಅದರ ಗಂಟೆ ಬಾಡಿಗೆಗೇ ಹೋಯಿತು. ಪಾಲಿಶ್ ಮಾಡಿದ ಮೆಗ್ನೀಸಿಯಂ ಮೈ ಯಂತ್ರದವರೆಗೆ ಹೋಗುವಷ್ಟರಲ್ಲಿ ಮಂಕಾಗುತ್ತಿತ್ತು. ಉಜ್ಜುವ ಒತ್ತಡಕ್ಕೇ ಮೇಲ್ಪದರದಲ್ಲಿ ಹೊಸ ಟ್ವಿನ್‌ಗಳು ಹುಟ್ಟುತ್ತಿದ್ದುದರಿಂದ, ಕಂಡದ್ದು ಪರೀಕ್ಷೆಯ ಫಲವೋ ಪಾಲಿಶ್‌ನ ಫಲವೋ ಎಂದು ಹೇಳುವಂತಿರಲಿಲ್ಲ.

ಆದ್ದರಿಂದ ಹರಳಿನ ಪದರಗಳಿಂದ ಚದುರುವ ಕಿರಣಗಳನ್ನು ಕೋನವಾರು ಅಳೆಯುವ ಸಾಮಾನ್ಯ ಎಕ್ಸ್-ರೇ ಡಿಫ್ರಾಕ್ಟೋಮೀಟರ್‌ಗೆ ಮರಳಿದೆ. ಸುಮಾರು 10 ಮಿಲಿಮೀಟರ್ ವ್ಯಾಸ ಮತ್ತು 15 ಮಿಲಿಮೀಟರ್ ಎತ್ತರದ ತುಂಡುಗಳ ಎರಡೂ ತುದಿಗಳಿಗೆ ಟೆಫ್ಲಾನ್ ಹಾಳೆಯಿಟ್ಟು, ಸ್ಟ್ರೇನನ್ನು (ಉದ್ದದಲ್ಲಾದ ಶೇಕಡಾವಾರು ಬದಲಾವಣೆಯನ್ನು) ಯಂತ್ರದ ಚಲಿಸುವ ಅಡ್ಡತೊಲೆಯಾದ ಕ್ರಾಸ್‌ಹೆಡ್‌ನಿಂದ ತೆಗೆಯದೆ ಮಾದರಿಯ ಮೈಯಿಂದಲೇ ಅಳೆದು, 1, 3 ಮತ್ತು 6 ಶೇಕಡಾಗಳಲ್ಲಿ ಒತ್ತುವುದನ್ನು ನಿಲ್ಲಿಸಿ, ಅಡ್ಡವಾಗಿ ಕತ್ತರಿಸಿದ ಮುಖವನ್ನು ತಾಮ್ರದಿಂದ ಹೊಮ್ಮಿದ ಎಕ್ಸ್-ರೇ ಕಿರಣಕ್ಕೆ ಒಡ್ಡಿದೆ. ಒತ್ತದ ಸರಳಿನಲ್ಲಿ 32.2 ಡಿಗ್ರಿಯ ಶಿಖರ ಎತ್ತರವಾಗಿತ್ತು, ಸಿ-ಅಕ್ಷಕ್ಕೆ (ಷಟ್ಕೋನದ ಹರಳಿನ ನಡು ಅಕ್ಷಕ್ಕೆ) ಲಂಬವಾದ ಪದರಗಳಿಂದ ಬರುವ 34.4ರ 0002 ಶಿಖರ ಇದ್ದೂ ಇಲ್ಲದಂತಿತ್ತು. 6 ಶೇಕಡಾ ಒತ್ತಿದ ತುಂಡಿನಲ್ಲಿ ಇವೆರಡರ ಎತ್ತರ ಅದಲುಬದಲಾಯಿತು. ಅಡ್ಡಲಾಗಿ ಮಲಗಿದ್ದ ಸಿ-ಅಕ್ಷಗಳನ್ನು ಟ್ವಿನಿಂಗ್ ಸುಮಾರು 86 ಡಿಗ್ರಿ ತಿರುಗಿಸಿ ಒತ್ತಿದ ದಿಕ್ಕಿಗೆ ತಂದಿತ್ತು. ಎಳೆದ ಮಾದರಿಯಲ್ಲಿ ಇಂಥ ಬದಲಾವಣೆಯಿರಲಿಲ್ಲ. ಘರ್ಷಣೆಯಾಗಲಿ ಯಂತ್ರದ ಸಡಿಲಾಗಲಿ ಹರಳುಗಳನ್ನು ಹೀಗೆ ತಿರುಗಿಸಲಾರವು ಎಂದ ಮೇಲೆ ಅನುಮಾನಗಳು ನಿಂತವು. ಒತ್ತಡದ ರೇಖೆ 5–6 ಶೇಕಡಾವರೆಗೆ ಬಹುಮಟ್ಟಿಗೆ ಸಮತಟ್ಟಾಗಿ ಸಾಗಿ ಆಮೇಲೆ ಕಡಿದಾಗಿ ಏರಿದ್ದು ಇದಕ್ಕೆ ತಾಳೆಯಾಯಿತು: ಟ್ವಿನಿಂಗ್ ಮುಗಿದ ಬಳಿಕ ಹರಳು ತನ್ನ ಗಟ್ಟಿ ದಿಕ್ಕನ್ನೇ ಭಾರಕ್ಕೆ ಒಡ್ಡಿರುತ್ತದೆ.

ಕತ್ತರಿಸಿದಾಗ ಕೆಟ್ಟ ಪದರವನ್ನು ಆಮ್ಲದಲ್ಲಿ ಕರಗಿಸಿ ತೆಗೆಯುವುದು ಅನಿವಾರ್ಯ. ನನ್ನ ದ್ರಾವಣದ ಪ್ರಮಾಣವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹರಳುಗಳು ದಪ್ಪಗಿದ್ದರೆ ಮಾದರಿಯನ್ನು ತಿರುಗಿಸುತ್ತಲೇ ಅಳೆಯಬೇಕು. ಇಲ್ಲವಾದರೆ ಶಿಖರಗಳ ಎತ್ತರವನ್ನು ನಂಬುವಂತಿಲ್ಲ.

ಈ ನಡುವೆ, 3 ಶೇಕಡಾ ಒತ್ತಿದ ತುಂಡೊಂದನ್ನು ಹಿಂದಕ್ಕೆ ಎಳೆದು ನೋಡಿದೆ. ಅದು ಮೊದಲಿನ 200ಕ್ಕಿಂತ ಬಹಳ ಕೆಳಗೇ ಮಣಿಯಿತು, ಏರಿದ್ದ 0002 ಶಿಖರವೂ ತಗ್ಗಿತು. ಟ್ವಿನ್‌ಗಳು ಮತ್ತೆ ಕರಗಿದ್ದವು. ಉರುಳೆಯಲ್ಲಿ ತಟ್ಟಿದ ದಪ್ಪ ತಗಡಿನಿಂದ 45 ಡಿಗ್ರಿ ಓರೆಯಾಗಿ ಕತ್ತರಿಸಿದ ತುಂಡುಗಳಲ್ಲಿ ಬೇಸಲ್ ಸ್ಲಿಪ್‌ನದೇ (ಸಿ-ಅಕ್ಷಕ್ಕೆ ಲಂಬವಾದ ಪದರಗಳು ಒಂದರ ಮೇಲೊಂದು ಜಾರುವುದರದೇ) ಆಳ್ವಿಕೆಯಾದ್ದರಿಂದ, ಎಳೆದಾಗಲೂ ಒತ್ತಿದಾಗಲೂ ಬಲ ಕಡಿಮೆಯೇ ಬಂದಿತು, ಎರಡರ ಅಂತರವೂ ಅಲ್ಪವಾಗಿತ್ತು. ಸರಳನ್ನು 250 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನಿಧಾನವಾಗಿ ಒತ್ತಿದಾಗ ಉಳಿದ ಸ್ಲಿಪ್ ವ್ಯವಸ್ಥೆಗಳೂ ಎಚ್ಚೆತ್ತವು. 0002 ಶಿಖರ ಅಷ್ಟಾಗಿ ಏಳಲಿಲ್ಲ, ಎಳೆತಕ್ಕೂ ಒತ್ತಡಕ್ಕೂ ಇದ್ದ ವ್ಯತ್ಯಾಸ ಬಹುಪಾಲು ಅಳಿಯಿತು.