ಜರ್ಮನಿಗೆ ಹೋದ ಮಕ್ಕಳು ಒಂಟಿಯಾಗದಂತೆ: ದಾವಣಗೆರೆಯಿಂದ ನಾವು ಮಾಡುವುದು

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಎಂ.ಎಸ್.ಗೆ ಜರ್ಮನಿಗೆ ಹೊರಡುವವರ ವಾಟ್ಸಾಪ್ ಗ್ರೂಪನ್ನು ನಾನು ನೋಡಿಕೊಳ್ಳುತ್ತೇನೆ. ವೀಸಾ, ಬ್ಲಾಕ್ಡ್ ಅಕೌಂಟ್ (ಖರ್ಚಿನ ಹಣ ಮೊದಲೇ ಇಟ್ಟು ತಿಂಗಳಿಗಿಷ್ಟೇ ಎಂದು ತೆಗೆಯುವ ಖಾತೆ) ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಇಳಿದ ಮೇಲೆ ಯಾರನ್ನು ಏನು ಕೇಳಬೇಕು ಅನ್ನೋದನ್ನು ಹೊರಡುವ ಮೊದಲೇ ಗಟ್ಟಿ ಮಾಡಿಕೊಡುವುದು ನನ್ನ ಕೆಲಸ.

ಮೊದಲೇ ಅಲ್ಲಿಗೆ ಹೋದ ಸೀನಿಯರ್‌ಗಳಿರುವ ಗ್ರೂಪಿನಲ್ಲಿ ಹಬ್ಬದ ಶುಭಾಶಯ, ಫಾರ್ವರ್ಡ್ ಎರಡಕ್ಕೂ ಜಾಗವಿಲ್ಲ. ಅವುಗಳಡಿ ಪ್ರಶ್ನೆ ಹೂತುಹೋದರೆ ಎರಡನೇ ಸಲ ಕೇಳಲು ಮಕ್ಕಳು ಮುಜುಗರಪಡುತ್ತಾರೆ. "ಮನೆ ಸಿಗ್ತಾ ಇಲ್ಲ, ಹೆಲ್ಪ್ ಮಾಡಿ" ಅಂದರೆ ಯಾರೂ ಉತ್ತರಿಸಲ್ಲ. "ಆಖೆನ್, ಅಕ್ಟೋಬರ್ 1ರಿಂದ ರೂಮ್ ಬೇಕು, 400 ಯೂರೋ ಒಳಗೆ, ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೇನೆ" ಅಂದರೆ ಆ ಊರಲ್ಲಿರುವವರು ಕೂಡಲೇ ಮಾತಾಡುತ್ತಾರೆ. ಫೇಸ್‌ಬುಕ್‌ನಲ್ಲಿ ಸಿಕ್ಕ ಮನೆಗೆ ಅಡ್ವಾನ್ಸ್ ಕಳಿಸುವ ಮೊದಲು ಅಲ್ಲಿನ ಸೀನಿಯರ್ ಒಬ್ಬರು ಹೋಗಿ ಒಳಗೆ ನೋಡಿ ಬರಬೇಕು. ಮನೆಯೊಡೆಯ ವಾಸದ ದೃಢೀಕರಣ ಪತ್ರ ಕೊಡುತ್ತಾನಾ ಎಂದೂ ಆಗಲೇ ಕೇಳಿಸಿ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಆ ಪತ್ರವಿಲ್ಲದೆ ನೋಂದಣಿ ಆಗದು.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮನೆಯವರು ವಿಡಿಯೋ ಕಾಲ್ ಮಾಡುವ ನಮ್ಮ ರಾತ್ರಿ ಒಂಬತ್ತು ಆ ದಿನದವರೆಗೆ ಅವರಿಗೆ ಸಂಜೆ ಐದೂವರೆ. ಆಮೇಲೆ ನಾಲ್ಕೂವರೆ, ಲ್ಯಾಬ್ ಇನ್ನೂ ಮುಗಿದಿರುವುದಿಲ್ಲ. ಕಾಲ್‌ಗಾಗಿ ಅಮ್ಮ ಹತ್ತು, ಹನ್ನೊಂದರವರೆಗೆ ಎದ್ದು ಕೂರುತ್ತಾರೆ, ಮಗ ರೂಮಿಗೆ ಓಡುತ್ತಾನೆ. ಯೂನಿವರ್ಸಿಟಿಯ ಕ್ರೀಡಾ ತರಗತಿ, ಭಾಷಾ ಟ್ಯಾಂಡೆಮ್ (ಇಬ್ಬರು ಜೊತೆ ಕೂತು ಒಬ್ಬರ ಭಾಷೆ ಇನ್ನೊಬ್ಬರು ಕಲಿಯುವುದು) ನಡೆಯುವುದು ಹೆಚ್ಚಾಗಿ ಅದೇ ಸಂಜೆಯಲ್ಲಿ. ಹಾಗಾಗಿ ದಿನಾ ಒಂದು ವಾಯ್ಸ್ ನೋಟ್, ವಿಡಿಯೋ ಕಾಲ್ ಭಾನುವಾರ ಮಾತ್ರ ಎಂದು ಪಾಲಕರನ್ನು ಒಪ್ಪಿಸುತ್ತೇನೆ. ಕನ್ನಡದ ಗೆಳೆಯರ ಜೊತೆ ಅಡುಗೆ ಮಾಡಿಕೊಂಡಿರಲಿ, ಬಹಳ ಒಳ್ಳೆಯದು. ಆದರೆ ಕನ್ನಡ ನಡೆಯದ ಒಂದು ಕೂಟಕ್ಕೂ ವಾರಕ್ಕೊಮ್ಮೆ ಹೋಗಲೇಬೇಕು. ಜ್ವರ ಬಂದಾಗ ವೈದ್ಯರಿಗೆ ಜರ್ಮನ್‌ನಲ್ಲಿ ಹೇಳಿಕೊಡುವವರು ಅಲ್ಲೇ ಸಿಗುವುದು.

ನವೆಂಬರ್, ಡಿಸೆಂಬರ್‌ನಲ್ಲಿ ಸಂಜೆ ಐದರೊಳಗೆ ಕತ್ತಲೆ. ಉದ್ದುದ್ದ ಬರೆಯುತ್ತಿದ್ದವರ ಉತ್ತರ ಬರೀ "ಹ್ಞೂಂ" ಆದರೆ ಗ್ರೂಪಿನಲ್ಲಿ ವಿಚಾರಿಸಬೇಡಿ. ಅದೇ ಊರಿನ ಒಬ್ಬರು ಫೋನ್ ಮಾಡಲಿ. "ಹೇಗಿದೀಯಾ" ಅಂದರೆ "ಚೆನ್ನಾಗಿದೀನಿ" ಅಂತಲೇ ಬರುತ್ತದೆ. "ನಿನ್ನೆ ರಾತ್ರಿ ಏನು ಊಟ ಮಾಡಿದೆ, ಯಾರ ಜೊತೆ?" ಅಂತ ಕೇಳಬೇಕು. ನಾಲ್ಕು ದಿನದಿಂದ ಬ್ರೆಡ್ಡು, ಒಬ್ಬನೇ ಅಂದರೆ ಅವತ್ತೇ ಯಾರಾದರೂ ಅವನ ರೂಮಿಗೆ ಹೋಗಬೇಕು.

ಪಾಲಕರು ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳಬೇಕಾದ ಚೀಟಿ: ಮಗನ ಪೂರ್ತಿ ವಿಳಾಸ, ರೂಮ್‌ಮೇಟ್ ನಂಬರ್, ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸ್ ನಂಬರ್, ಆ ಊರಿನ ಪೊಲೀಸ್ ಠಾಣೆಯ +49 ಸಹಿತ ನಂಬರ್. ತುರ್ತಿಗೆ ಅಲ್ಲೂ 112, ನಮ್ಮಲ್ಲೂ 112. ದಾವಣಗೆರೆಯಿಂದ ಒತ್ತಿದರೆ ಕರೆ ಹೋಗುವುದು ಇಲ್ಲಿನ ಕಂಟ್ರೋಲ್ ರೂಮಿಗೆ, ಅದಕ್ಕೇ ಜರ್ಮನಿಯ ಕೋಡ್ +49 ಇರುವ ಆ ಠಾಣೆ ನಂಬರ್ ಬೇಕು.